ಕಿವಿ ಕೋಣೆಯ ಕುರ್ಚಿ

ಸುಳ್ಳು ಹೇಳುವವರನ್ನು ಕೂತಲ್ಲಿಂದಲೇ ಹಿಡಿಯುತ್ತೇನೆ ಎಂದು ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದವಳು ನಾನು. ಹೇಳಿಕೊಳ್ಳುವುದೇನು, ಬೀಗುತ್ತಿದ್ದೆ. ವಿಮಾನ ಓಡಿಸುವವರಿಗೆ ವರ್ಷಕ್ಕೊಮ್ಮೆ ಮೆಡಿಕಲ್ ಮಾಡಿ, ಫಿಟ್ ಅಥವಾ ಅನ್‌ಫಿಟ್ ಎಂದು ಬರೆದುಕೊಡುವ ಕ್ಲಿನಿಕ್ ನಮ್ಮದು. ಒಂದನೇ ಕೋಣೆಯಲ್ಲಿ ರಕ್ತ, ಎರಡನೆಯದರಲ್ಲಿ ಕಣ್ಣು, ಮೂರನೆಯದರಲ್ಲಿ ಕಿವಿ. ಕಿವಿ ನನ್ನದು. ಕೊನೆಯ ಕೋಣೆಯಲ್ಲಿ ಡಾಕ್ಟರು ಕೂತು ನಾವು ಬರೆದದ್ದನ್ನೆಲ್ಲ ನೋಡಿ ಸಹಿ ಹಾಕುತ್ತಾರೆ. ಆ ಸಹಿ ಇಲ್ಲದೆ ಯಾರೂ ಮೇಲೆ ಏರುವಂತಿಲ್ಲ.

ಬೇರೆ ಆಸ್ಪತ್ರೆಗೆ ಹೋಗುವವರು ಇಲ್ಲದ ನೋವನ್ನೂ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿಗೆ ಬರುವವರು ಇರುವ ನೋವನ್ನೂ ನುಂಗಿಕೊಂಡು ಹಲ್ಲು ಬಿಡುತ್ತಾರೆ. ಬಿ.ಪಿ. ಇಳಿಯಲೆಂದು ಮೂರು ದಿನ ಉಪ್ಪು ಬಿಟ್ಟವರನ್ನು ನೋಡಿದ್ದೇನೆ. ಕಣ್ಣಿನ ಬೋರ್ಡಿನ ಕೊನೆಯ ಸಾಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಹಾಗಾಗಿ ಈ ಕೆಲಸಕ್ಕೆ ಬೇಕಾದದ್ದು ಓದಲ್ಲ, ಅನುಮಾನ. ಅದು ನನಗೆ ಬೇಕಾದಷ್ಟಿದೆ. ಮನೆಯಲ್ಲಿ ಹಾಲು ಉಕ್ಕಿದರೂ ಯಾರು ಉರಿ ಹೆಚ್ಚು ಮಾಡಿದ್ದು ಎಂದು ಕೇಳುವವಳು ನಾನು ಎಂದು ಮಗಳು ಆಡಿಕೊಳ್ಳುತ್ತಾಳೆ.

ನನ್ನ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಹೊರಗಿನ ಸದ್ದು ಹೊಗದಂತೆ ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದಿದೆ. ಪೈಲಟ್ ಅದರೊಳಗೆ ಕೂತು ಹೆಡ್‌ಫೋನ್ ಹಾಕಿಕೊಳ್ಳಬೇಕು. ನಾನು ಹೊರಗೆ ಯಂತ್ರದ ಮುಂದೆ ಕೂತು ಒಂದೊಂದು ಕಿವಿಗೆ ಒಂದೊಂದು ಸದ್ದು ಬಿಡುತ್ತೇನೆ, ಮೊದಲು ದೊಡ್ಡದು, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಕೇಳಿಸಿದಾಗೆಲ್ಲ ಅವರು ಕೈಯಲ್ಲಿರುವ ಗುಂಡಿ ಒತ್ತಿದರೆ ನನ್ನ ಮೇಜಿನ ಮೇಲೆ ದೀಪ ಹತ್ತುತ್ತದೆ. ನಡುವೆ ಒಂದು ಗಾಜಿನ ಕಿಟಕಿ.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಒಳಗಿನ ಕುರ್ಚಿ ಪಕ್ಕಕ್ಕೆ ತಿರುಗಿರಬೇಕು ಎಂದಿತ್ತು. ನಾನು ಕೆಲಸಕ್ಕೆ ಸೇರಿದ ಎರಡನೇ ವಾರ ಒಬ್ಬ ಹುಡುಗ, ಸದ್ದು ಬರಲಿ ಬಿಡಲಿ, ಗುಂಡಿ ಒತ್ತುತ್ತಲೇ ಹೋದ. ಅವತ್ತೇ ಕುರ್ಚಿ ಎಳೆದು ಗಾಜಿಗೆ ಎದುರಾಗಿ ಇಟ್ಟುಬಿಟ್ಟೆ. ಮುಖ ಕಾಣದೆ ಸುಳ್ಳನ್ನು ಹಿಡಿಯುವುದು ಹೇಗೆ? ಆಮೇಲೆ ಅದನ್ನು ಯಾರೂ ತಿರುಗಿಸಲಿಲ್ಲ. ಕಿವಿಗೆ ಅಕ್ಕನೇ ಸರಿ ಎಂದು ಪೈಲಟ್‌ಗಳು ಹೇಳತೊಡಗಿದರು. ಬರುವ ಮುಂಚೆ ಫೋನ್ ಮಾಡಿ, ಅಕ್ಕ ಇವತ್ತು ಇದ್ದಾರಾ ಎಂದು ವಿಚಾರಿಸಿಕೊಳ್ಳುತ್ತಿದ್ದರು. ನಾನು ರಜೆ ಹಾಕಿದ ದಿನ ಬೇರೆಯವರ ಮುಂದೆ ಕೂರದೆ ತಾರೀಖು ಮುಂದೂಡಿಕೊಂಡು ಹೋಗುತ್ತಿದ್ದರು. ಇಷ್ಟು ಕಟ್ಟುನಿಟ್ಟಿನವಳಾದರೂ ನನ್ನನ್ನು ಕಂಡರೆ ಜನಕ್ಕೆ ಪ್ರೀತಿ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಇಸ್ತ್ರಿ ಕ್ಯಾಪ್ಟನ್ ಮೇಲೆ ಅನುಮಾನ ಹುಟ್ಟಿದ್ದು ಕ್ಲಿನಿಕ್ಕಿನಲ್ಲಲ್ಲ, ಮಗಳ ಮನೆಯ ಊಟದ ಮೇಜಿನಲ್ಲಿ. ಅಂಗಿಯ ಗೆರೆ ಮುರಿಯದೆ ಇಡೀ ದಿನ ಇರಬಲ್ಲ ಹಿರಿಯ ಪೈಲಟ್ ಅವರು, ಅದಕ್ಕೇ ಆ ಹೆಸರು. ನಮ್ಮ ಅಳಿಯನೂ ಪೈಲಟ್ಟೇ. ಎಂಟು ವರ್ಷದ ಹಿಂದೆ ನನ್ನ ಗಾಜಿನ ಆಚೆಯೇ ಅವರನ್ನು ಮೊದಲು ನೋಡಿದ್ದು. ಮದುವೆಯಾದ ಮೇಲೆ ಸಂಬಂಧಿಕರ ಪರೀಕ್ಷೆ ನಾನು ಮಾಡುವಂತಿಲ್ಲವಾದ್ದರಿಂದ ಬೇರೆ ಕಡೆ ಹೋಗುತ್ತಾರೆ. ಒಂದು ವರ್ಷದಿಂದ ಅವರಿಗೆ ಹೆಚ್ಚಾಗಿ ಇಸ್ತ್ರಿ ಕ್ಯಾಪ್ಟನ್ ಪಕ್ಕದಲ್ಲೇ ಕೆಲಸ ಬೀಳುತ್ತಿತ್ತು.

"ಅಮ್ಮಾ, ಇವರಿಗೆ ಸ್ವಲ್ಪ ಹೇಳು," ಅಂದಳು ಮಗಳು. "ಈಚೆಗೆ ಮನೇಲೂ ಕಿರುಚಿ ಮಾತಾಡ್ತಾರೆ. ನೀರು ಕೊಡು ಅನ್ನೋದು ಪಕ್ಕದ ಮನೆಯವರಿಗೂ ಕೇಳುತ್ತೆ."

"ಅಭ್ಯಾಸ ಆಗ್ಬಿಟ್ಟಿದೆ," ಎಂದು ಅಳಿಯ ನಕ್ಕರು. ಗಂಟಲು ಕಟ್ಟಿತ್ತು.

"ಎಲ್ಲಿಯ ಅಭ್ಯಾಸ?" ಎಂದೆ.

"ಕೆಲಸದಲ್ಲಿ ಅತ್ತೆ. ಕೆಲವ್ರಿಗೆ ಒಂದು ಮಾತನ್ನ ಎರಡು ಸಲ ಹೇಳ್ಬೇಕಾಗುತ್ತೆ." ಅಷ್ಟು ಹೇಳಿ ತಟ್ಟನೆ ಮಾತು ಬದಲಿಸಿದರು. "ಅದಿರ್ಲಿ, ನೀವು ರಿಟೈರ್ ಆಗೋದು ಯಾವಾಗ?"

ಈ ಪ್ರಶ್ನೆಯನ್ನು ಅವರು ಆ ವರ್ಷದಲ್ಲಿ ಕೇಳಿದ್ದು ಅದು ಐದನೇ ಸಲ. ಮಗು ನೋಡಿಕೊಳ್ಳಲು ಸಂಬಳವಿಲ್ಲದ ಆಯಾ ಬೇಕಾಗಿದ್ದಾಳೆ, ಇಬ್ಬರೂ ಸೇರಿ ಹೊಂಚು ಹಾಕಿದ್ದಾರೆ ಎಂದುಕೊಂಡೆ. ಆದರೆ ಎರಡು ಸಲ ಎನ್ನುವ ಮಾತು ತಲೆಗೆ ಹುಳ ಬಿಟ್ಟಿತು. ವಿಮಾನದಲ್ಲಿ ಅವರು ಕೂರುವುದು ಹೆಚ್ಚಾಗಿ ಒಬ್ಬರ ಪಕ್ಕದಲ್ಲೇ. ಕ್ಯಾಪ್ಟನ್ ಎಡಗಡೆ, ನಮ್ಮ ಅಳಿಯ ಬಲಗಡೆ.

ಮಾರನೇ ದಿನ ಬೆಳಿಗ್ಗೆ ಹೋದವಳೇ ಕ್ಯಾಪ್ಟನ್ ಫೈಲ್ ತೆಗೆದೆ. ಯಾವ ಸದ್ದು ಎಷ್ಟು ಕೇಳಿಸಿತೆಂದು ಗೆರೆ ಎಳೆದ, ಹಿಂದಿನ ನಾಲ್ಕು ವರ್ಷದ ಕಿವಿಯ ನಕ್ಷೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಎಡಗಿವಿಯ ಗೆರೆ ಸರಿಯಾಗಿತ್ತು, ಅಂದರೆ ಮೂವತ್ತು ವರ್ಷ ಇಂಜಿನ್ ಸದ್ದು ತಿಂದ ಕಿವಿಯಲ್ಲಿ ಇರಬೇಕಾದಷ್ಟು ಕೆಟ್ಟಿತ್ತು. ಕೀರಲು ಸದ್ದುಗಳ ಕಡೆ ಬರುವಾಗ ಗೆರೆ ಜಾರಿ ಕೆಳಗೆ ಬಿದ್ದಿತ್ತು. ಬಲಗಿವಿಯದ್ದು ಮಾತ್ರ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ. ಐವತ್ತೆಂಟು ವರ್ಷದ ಮನುಷ್ಯನ ತಲೆಯ ಒಂದು ಪಕ್ಕದಲ್ಲಿ ಹದಿನೆಂಟು ವರ್ಷದ ಹುಡುಗನ ಕಿವಿ. ಒಂದೊಂದೇ ವರ್ಷ ನೋಡಿದಾಗ ಒಳ್ಳೆಯ ಕಿವಿ ಎನ್ನಿಸಿದ್ದು, ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಸಿ ಸುಳ್ಳಾಗಿ ಕಂಡಿತು.

ನಾಲ್ಕರ ಕೆಳಗೂ ನನ್ನದೇ ಸಹಿ ಇತ್ತು. ಹಾಗಿದ್ದೂ ನನಗೆ ಮೊದಲು ನೆನಪಾದವರು ಡಾಕ್ಟರು. ಡಾಕ್ಟರೂ ಕ್ಯಾಪ್ಟನ್ನೂ ದಿನಾ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು. ಫೈಲ್ ಕಪಾಟಿನ ಇನ್ನೊಂದು ಬೀಗದ ಕೈ ಅವರ ಹತ್ತಿರವೇ ಇರುವುದು. ಗುರುವಾರ ಕ್ಯಾಪ್ಟನ್ ಪರೀಕ್ಷೆ ಎಂದು ಗೊತ್ತಾದಾಗ ಡಾಕ್ಟರೇ ನನ್ನ ಕೋಣೆಗೆ ಬಂದು, "ಅವರದ್ದು ಬೇಗ ಮುಗಿಸಿ ಕಳಿಸಿ, ಮಧ್ಯಾಹ್ನ ಏನೋ ಕೆಲಸ ಇದೆಯಂತೆ," ಅಂದರು. ಬೇರೆ ಯಾರ ವಿಷಯಕ್ಕೂ ಅವರು ಹಾಗೆ ಬಂದು ಹೇಳಿದವರಲ್ಲ. ನಾನು ತಲೆಯಾಡಿಸಿ, ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಗುರುವಾರ ಬೆಳಿಗ್ಗೆ ಯಂತ್ರದ ಸೀಲು ನೋಡಿದೆ. ಒಡೆದಿರಲಿಲ್ಲ. ಹೆಡ್‌ಫೋನ್ ನಾನೇ ಹಾಕಿಕೊಂಡು ಎರಡೂ ಕಿವಿಗೆ ಸದ್ದು ಬಿಟ್ಟುಕೊಂಡೆ. ಸರಿಯಾಗಿತ್ತು. ಹತ್ತು ಗಂಟೆಗೆ ಕ್ಯಾಪ್ಟನ್ ಬಂದರು, ಜೊತೆಯಲ್ಲಿ ಹೆಂಡತಿ. ಕೌಂಟರಿನ ಹುಡುಗಿ ಕೇಳಿದ ಪ್ರಶ್ನೆಗೆಲ್ಲ ಆಕೆಯೇ ಉತ್ತರ ಕೊಟ್ಟರು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ, ಮಾತ್ರೆ ಏನೂ ತಗೊಳ್ಳಲ್ಲ, ಮೊನ್ನೆಯಿಂದ ಹಾರಿಲ್ಲ. ಗಂಡ ಪಕ್ಕದಲ್ಲಿ ನಿಂತು ಗೊಂಬೆಯ ಹಾಗೆ ನಗುತ್ತಿದ್ದರು. ಓ, ಸನ್ನೆ ಮಾಡುವವರು ಇವರೇ ಇರಬೇಕು ಎಂದುಕೊಂಡೆ. ಆಕೆಯನ್ನು ಆ ಕಡೆಯ ಕೊನೆಯ ಬೆಂಚಿಗೆ ಕಳಿಸಿ, ನನ್ನ ಬಾಗಿಲು ಹಾಕಿ ಚಿಲಕ ಜಡಿದೆ.

ಎಡಗಿವಿ ಯಾವತ್ತಿನಂತೆ ಬಂತು. ಬಲಗಿವಿ ಶುರು ಮಾಡಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರ ಮುಖ ನೋಡಿದೆ. ಅವರೂ ನನ್ನ ಕಡೆಗೇ ನೋಡುತ್ತಿದ್ದರು, ರೆಪ್ಪೆ ಕೂಡ ಅಲುಗಲಿಲ್ಲ. ಸದ್ದು ಬಿಟ್ಟೆ, ದೀಪ ಹತ್ತಿತು. ಸಣ್ಣದು ಮಾಡಿದೆ, ಹತ್ತಿತು. ಮತ್ತೆ ಅದೇ ನೆಟ್ಟನೆಯ ಗೆರೆ. ಆ ಕೋಣೆಯಲ್ಲಿ ಹೆಂಡತಿ ಇಲ್ಲ, ಡಾಕ್ಟರಿಲ್ಲ, ಕೆಟ್ಟ ಯಂತ್ರವೂ ಇಲ್ಲ.

ಆಗ ಒಂದು ಉಪಾಯ ಹೊಳೆಯಿತು. ಹೆಡ್‌ಫೋನಿನ ಎರಡು ವೈರು ಗೋಡೆಯ ಮೂಲಕ ಹೊರಬಂದು ನನ್ನ ಯಂತ್ರಕ್ಕೆ ಸೇರುತ್ತವೆ, ನೀಲಿ ಪಿನ್ನು ಎಡಕ್ಕೆ, ಕೆಂಪು ಪಿನ್ನು ಬಲಕ್ಕೆ. ಪೆನ್ನು ಬಿದ್ದವಳಂತೆ ಬಗ್ಗಿ ಕೆಂಪು ಪಿನ್ನನ್ನು ಕಿತ್ತುಬಿಟ್ಟೆ. ಇನ್ನೊಂದು ಸಲ ಮಾಡೋಣ ಎಂದು ಗಾಜಿನ ಈಚೆಯಿಂದ ಕೈಸನ್ನೆ ಮಾಡಿ, ಮೊದಲಿನಿಂದ ಶುರು ಮಾಡಿದೆ. ಯಂತ್ರದ ಮುಂದೆ ಎಲ್ಲವನ್ನೂ ಯಾವತ್ತಿನಂತೆ ಮಾಡಿದೆ. ದೀಪ ಹತ್ತಿತು. ಮತ್ತೊಮ್ಮೆ ಹತ್ತಿತು. ಇಪ್ಪತ್ತಮೂರು ಸಲ ಸದ್ದಿನ ಗುಂಡಿ ಒತ್ತಿದೆ, ಹದಿನೆಂಟು ಸಲ ದೀಪ ಹತ್ತಿತು. ಹತ್ತದ ಐದೂ ತೀರಾ ಸಣ್ಣ ಸದ್ದುಗಳು, ಒಳ್ಳೆಯ ಕಿವಿಗೂ ಕೇಳಿಸದಂಥವು. ಬಲಗಿವಿಗೆ ಒಂದೇ ಒಂದು ಸದ್ದೂ ಹೋಗಿರಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆದದ್ದು ಖುಷಿ. ಕೆಂಪು ಪಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಪುಟ್ಟ ಕೋಣೆಯ ಬಾಗಿಲು ತೆರೆದೆ. ಕ್ಯಾಪ್ಟನ್ ಪಿನ್ನನ್ನು ನೋಡಿದರು, ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಎಷ್ಟು ವರ್ಷದಿಂದ?" ಎಂದೆ.

"ಈ ಕಿವಿ ಹೋಗಿ ಐದು ವರ್ಷ ಆಯ್ತು."

"ಯಾರು ಹೇಳ್ಕೊಡ್ತಾರೆ ನಿಮಗೆ? ಡಾಕ್ಟ್ರಾ? ನಿಮ್ಮ ಹೆಂಡ್ತಿನಾ?"

ಅವರು ಕಣ್ಣೆತ್ತಿ ನೋಡಿದರು. ಆ ನೋಟದಲ್ಲಿ ಹೆದರಿಕೆಗಿಂತ ಮುಜುಗರವೇ ಹೆಚ್ಚಿತ್ತು, ಬೇರೆಯವರ ಮರ್ಯಾದೆ ತಾನು ತೆಗೆಯಬೇಕಾಗಿ ಬಂತಲ್ಲ ಎನ್ನುವಂಥ ಮುಜುಗರ.

"ನೀವೇ," ಅಂದರು.

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವವರೆಗೂ ಅವರೇ ಬಿಡಿಸಿ ಹೇಳಿದರು, ಮೆಲ್ಲಗೆ, ಚಿಕ್ಕವರಿಗೆ ಹೇಳಿಕೊಡುವ ಹಾಗೆ. "ನೀವು ಸದ್ದು ಬಿಟ್ಟ ತಕ್ಷಣ ನಮ್ಮ ಮುಖ ನೋಡ್ತೀರ. ಪ್ರತಿ ಸಲ. ಕೆಳದುಟಿ ಒಳಗೆ ಎಳ್ಕೋತೀರ. ಸದ್ದು ಸಣ್ಣದಾದ ಹಾಗೆಲ್ಲ ಮುಂದಕ್ಕೆ ಬಾಗ್ತಾ ಬರ್ತೀರ. ನಿಮ್ಮ ಮೂಗು ಗಾಜಿನ ಹತ್ರ ಬಂತು ಅಂದ್ರೆ, ಇದು ಕೇಳಿಸಬಾರದ ಸದ್ದು, ಒತ್ತಬಾರದು ಅಂತ ಗೊತ್ತಾಗುತ್ತೆ."

"ಎಡಗಿವಿಗೂ ಹಾಗೇ ಮಾಡಬಹುದಿತ್ತಲ್ಲ?"

"ಅದು ಹೇಗೂ ಪಾಸಾಗೋ ಕಿವಿ. ಬಲಗಿವಿ ಮಾತ್ರ ಈ ವಯಸ್ಸಿಗೆ ಎಷ್ಟು ಕೆಟ್ಟಿರಬೇಕು ಅಂತ ನಂಗೆ ಗೊತ್ತಿರಲಿಲ್ಲ. ಪೂರ್ತಿ ಒಳ್ಳೇದು ಮಾಡ್ಬಿಟ್ಟೆ."

ಸುಳ್ಳು ಹಿಡಿಯಲೆಂದು ನಾನೇ ತಿರುಗಿಸಿದ ಕುರ್ಚಿಯಲ್ಲಿ ಕೂತು, ನಾನು ಅವರನ್ನು ನೋಡುವುದಕ್ಕಿಂತ ಚೆನ್ನಾಗಿ ಅವರು ನನ್ನನ್ನು ನೋಡಿದ್ದರು. ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ. "ನೀವೊಬ್ಬರೇನಾ?"

"ಇಲ್ಲಮ್ಮ. ಬೇಕಾದವರೆಲ್ಲ ಮಾಡ್ತಾರೆ. ಕಿವಿಗೆ ಅಕ್ಕ ಇದ್ದ ದಿನವೇ ಹೋಗು ಅಂತ ಹಿರಿಯರು ಕಿರಿಯರಿಗೆ ಹೇಳ್ಕೊಡೋದು ನಮ್ಮಲ್ಲಿ ಇದ್ದೇ ಇದೆ." ಆಮೇಲೆ ಕೇಳಿದರು, "ನಿಮ್ಮ ಅಳಿಯ ಹೇಳಿಲ್ವಾ?"

ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಒಳಗೆ ಬಂದು ಅಳಿಯನಿಗೆ ಫೋನ್ ಮಾಡಿದೆ. ಅವತ್ತು ಅವರಿಗೆ ರಜೆ. ಹಿನ್ನೆಲೆಯಲ್ಲಿ ಮಗು ತಟ್ಟೆ ಬಡಿಯುತ್ತಿತ್ತು. ಸುತ್ತಿಬಳಸದೆ ಕೇಳಿದೆ.

"ಮದುವೆಗೆ ಮುಂಚಿನಿಂದಲೂ ಗೊತ್ತಿತ್ತು ಅತ್ತೆ. ನಂಗೆ ಅದು ಬೇಕಾಗಿರಲಿಲ್ಲ, ನನ್ನ ಕಿವಿ ಚೆನ್ನಾಗೇ ಇದೆ. ಆದ್ರೆ ಗೊತ್ತಿತ್ತು."

"ಕ್ಯಾಪ್ಟನ್ ವಿಷಯ?"

"ಪಕ್ಕದಲ್ಲಿ ಕೂತ ಎರಡನೇ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?"

"ಹೇಳಿದ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಅವರ ಕೆಟ್ಟ ಕಿವಿ ನನ್ನ ಕಡೆಗೇ ಇರೋದು. ರೇಡಿಯೋದಲ್ಲಿ ಬಂದದ್ದನ್ನೆಲ್ಲ ನಾನೇ ಇನ್ನೊಂದು ಸಲ ಕೂಗಿ ಹೇಳಿದ್ರಾಯ್ತು ಅಂದ್ಕೊಂಡೆ. ನೀವು ರಿಟೈರ್ ಆದ ಮಾರನೇ ದಿನವೇ ಮೇಲಿನವರಿಗೆ ಬರೆದುಕೊಡೋಣ ಅಂತಿದ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿಂದೆ ನೂರೈವತ್ತು ಜನ ಕೂತಿರುತ್ತಾರೆ, ನಿಮ್ಮ ಗಂಟಲನ್ನು ನಂಬಿಕೊಂಡು ಅವರು ಟಿಕೆಟ್ ತಗೊಂಡಿದ್ದಾರಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಫೋನ್ ಇಟ್ಟ ಮೇಲೆ ಅಳು ಬಂತು. ಒಂದು ವರ್ಷದಿಂದ ಆ ಮನುಷ್ಯ ನನಗಾಗಿ ಕಿರುಚಿ ಕಿರುಚಿ ಗಂಟಲು ಹರಿದುಕೊಂಡಿದ್ದಾನೆ, ನಾನು ಅವನನ್ನು ಆಯಾ ಹುಡುಕುವವನೆಂದು ತಿಳಿದಿದ್ದೆ. ತಪ್ಪು ಮಾಡಿದ್ದಾನೆ, ದೊಡ್ಡ ತಪ್ಪು. ಆದರೂ ಬೈಯುವ ಯೋಗ್ಯತೆ ನನಗೆ ಇರಲಿಲ್ಲ.

ಮುಖ ತೊಳೆದುಕೊಂಡು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೇಳುವಾಗಲೂ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನಿಜವಾಗಿಯೂ ಬೆಚ್ಚಿಬಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ನಂಬಿದೆ, ಅಥವಾ ನಂಬಬೇಕೆನಿಸಿತು. ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

"ಪೆದ್ದ," ಅಂದರು. "ಮೊದಲನೇ ವರ್ಷವೇ ಹೇಳಿದ್ರೆ ನಾನೇ ದಾರಿ ತೋರಿಸ್ತಿದ್ದೆ. ಇಂಜಿನ್ ಸದ್ದಿನ ನಡುವೆ ಮಾತು ಅರ್ಥ ಆಗುತ್ತಾ ಅಂತ ನೋಡೋ ಪರೀಕ್ಷೆ ಬೇರೇನೇ ಇದೆ. ಕಿವಿಗೆ ಮೆಷೀನ್ ಹಾಕ್ಕೊಂಡು ಹಾರೋಕೂ ಎಷ್ಟೋ ಸಲ ಒಪ್ತಾರೆ."

"ಈಗ?"

ಅವರು ಎದ್ದು ಬಾಗಿಲು ಹಾಕಿ ಬಂದರು. "ಈಗಲೂ ಆಗಬಹುದು. ಈ ವರ್ಷದ ನಕ್ಷೇಲಿ ಬಲಗಿವಿ ಕೆಟ್ಟಿದೆ ಅಂತ ಬರೀರಿ. ಸುಳ್ಳಲ್ಲವಲ್ಲ. ಆ ಪರೀಕ್ಷೆಗೆ ಕಳಿಸೋಣ. ಪಾಸಾದ್ರೆ ಇನ್ನೆರಡು ವರ್ಷ ಹಾರಿ ಮರ್ಯಾದೆಯಿಂದ ಇಳೀತಾರೆ. ಹಳೇದನ್ನ ಕೆದಕಿದ್ರೆ ಮೋಸ ಅಂತಾಗುತ್ತೆ, ಲೈಸೆನ್ಸ್ ಇವತ್ತೇ ಹೋಗುತ್ತೆ. ನೀವೂ ಮನೆಗೆ, ನಾನೂ ಮನೆಗೆ. ಕುರ್ಚೀನ ಇವತ್ತೇ ತಿರುಗಿಸಿಬಿಡಿ, ಅಲ್ಲಿಗೆ ಮುಗೀತು."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ನಾನು ಹುಡುಕುತ್ತಿದ್ದದ್ದು ಬೇರೆಯವರ ಸುಳ್ಳು. ಈಗ ನಾನೇ ಹೇಳಬೇಕಾದದ್ದು ಎಲ್ಲರಿಗೂ ಒಳ್ಳೆಯದಾಗುವ ಅರ್ಧ ನಿಜ. ಕ್ಯಾಪ್ಟನ್ ಉಳಿಯುತ್ತಾರೆ, ಡಾಕ್ಟರು ಉಳಿಯುತ್ತಾರೆ, ನಾನು ಉಳಿಯುತ್ತೇನೆ. ಅಳಿಯ ಸುಮ್ಮನಿದ್ದದ್ದಕ್ಕೂ ಅರ್ಥ ಸಿಗುತ್ತದೆ.

ನನ್ನ ಕೋಣೆಗೆ ಬಂದು ರಿಜಿಸ್ಟರ್ ತೆರೆದೆ. ದಿನಕ್ಕೆ ನಾಲ್ಕೈದು ಜನ, ಹತ್ತೊಂಬತ್ತು ವರ್ಷ. ಬೇಕಾದವರೆಲ್ಲ ಮಾಡ್ತಾರೆ ಅಂದಿದ್ದರು ಕ್ಯಾಪ್ಟನ್. ಬೇಕಾದವರು ಯಾರು? ಹೋದ ವಾರ ಬಂದು, ಅಕ್ಕ ಊಟ ಆಯ್ತಾ ಎಂದು ಕೇಳಿದವನಾ? ತನ್ನ ಮೊದಲ ಹಾರಾಟದ ಫೋಟೋ ತೋರಿಸಿದ ಆ ಹುಡುಗಿಯಾ? ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಮುಖ ನೆನಪಿಸಿಕೊಳ್ಳಲು ನೋಡಿದೆ. ಎಲ್ಲರೂ ನನ್ನತ್ತಲೇ ನೋಡುತ್ತಾ ಕೂತದ್ದು ನೆನಪಾಯಿತೇ ಹೊರತು, ಯಾರು ಕೇಳಿಸಿಕೊಂಡರು, ಯಾರು ನೋಡಿಕೊಂಡರು ಎಂದು ಹೇಳಲು ಆಗಲಿಲ್ಲ. ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೆ ಇಲ್ಲಿ ಅನುಮಾನ ಎಲ್ಲಿಗೂ ಮುಟ್ಟಿಸುತ್ತಿರಲಿಲ್ಲ. ಎಲ್ಲರನ್ನೂ ಮತ್ತೆ ಕರೆದು ಕೂರಿಸಬೇಕು. ಕಾರಣ ಬರೆಯದೆ ಯಾರೂ ಅವರನ್ನು ಕರೆಸುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಬರೆದೆ. ಕುರ್ಚಿಯನ್ನು ನಾನು ತಿರುಗಿಸಿದ ವರ್ಷ, ಅದರಿಂದ ಏನಾಯಿತು, ಇವತ್ತು ಪಿನ್ನು ಕಿತ್ತಾಗ ಏನು ಕಂಡೆ, ನಾಲ್ಕು ವರ್ಷದ ನಕ್ಷೆಗಳನ್ನು ಯಾಕೆ ನಂಬಬಾರದು, ಉಳಿದ ನಕ್ಷೆಗಳನ್ನೂ ಯಾಕೆ ನಂಬಬಾರದು. ಅಳಿಯನ ಹೆಸರನ್ನು ಬರೆಯುವ ಹೊತ್ತಿಗೆ ಕೈ ನಿಂತಿತು. ಅಲ್ಲೊಂದು ಸಾಲು ಬಿಟ್ಟು ಮುಂದಕ್ಕೆ ಹೋಗಿ, ಮತ್ತೆ ವಾಪಸು ಬಂದು ಅದನ್ನೂ ಬರೆದೆ. ಕೆಳಗೆ ಸಹಿ ಹಾಕಿ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ಬೈಯಲಿಲ್ಲ, ತಡೆಯಲೂ ಇಲ್ಲ. ಒಂದು ಸಲ ಹಾಳೆಯನ್ನು ಮಡಿಸಿದರು, ಮತ್ತೆ ಬಿಡಿಸಿ ಮೇಲೆ ತಾರೀಖಿನ ಮೊಹರು ಒತ್ತಿದರು.

ಹೊರಗೆ ಬಂದೆ. ಕ್ಯಾಪ್ಟನ್ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ಹೆಂಡತಿ ಗಾಡಿ ತರಲು ಹೋಗಿದ್ದರಂತೆ. ಅವರ ಬಲಗಡೆ ಹೋಗಿ ಕೂತು, ಬರೆದ ಮಾತನ್ನು ಹೇಳಿದೆ. ಅವರು ಎದುರಿನ ಗೋಡೆಯನ್ನೇ ನೋಡುತ್ತಾ ಕೂತಿದ್ದರು, ಅಂಗಿಯ ಗೆರೆ ಒಂದಿಷ್ಟೂ ಮುರಿದಿರಲಿಲ್ಲ. ಆಮೇಲೆ ನನಗೆ ಹೊಳೆಯಿತು, ಅದು ಕೇಳದ ಕಿವಿಯ ಕಡೆ. ಎದ್ದು ಅವರ ಮುಂದೆ ಬಂದು ನಿಂತೆ.

"ಎಲ್ಲಾ ಬರೆದೆ," ಎಂದೆ. "ನಾಲ್ಕು ವರ್ಷದ್ದೂ. ನಿಮ್ಮದೂ, ನನ್ನದೂ, ನಮ್ಮ ಅಳಿಯಂದೂ."

ಕ್ಯಾಪ್ಟನ್ ತಲೆಯಾಡಿಸಿದರು.

"ಗೊತ್ತಾಯ್ತಮ್ಮ," ಅಂದರು. "ನೀವು ಆ ಬಾಗಿಲಿಂದ ಹೊರಗೆ ಬರುವಾಗಲೇ ನಿಮ್ಮ ಮುಖದಲ್ಲಿ ಇತ್ತು."